ಬೆಂಗಾಲಿ ಅಪ್ಪ, ತಿಪಟೂರಿನ ಅಮ್ಮ, ಜರ್ಮನ್ ಸ್ಕೂಲು: ಮಗನಿಗೆ ಯಾವ ಹೆಸರಿಡೋದು?

ಪ್ರಶ್ನೆ: ನಾನು ತಿಪಟೂರಿನವಳು. ನನ್ನ ಗಂಡ ಕೋಲ್ಕತ್ತಾದ ಬೆಂಗಾಲಿ. ನಾಲ್ಕು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಇನ್ನು ಆರು ವಾರಕ್ಕೆ ಮಗು ಬರುತ್ತದೆ, ಗಂಡು ಅಂತ ಇಲ್ಲಿನ ಡಾಕ್ಟರ್ ಹೇಳಿದ್ದಾರೆ. ಮನೆಯಲ್ಲಿ ನಾನು ಕನ್ನಡ, ಅವರು ಬಂಗಾಳಿ, ಇಬ್ಬರೂ ಸೇರಿದರೆ ಇಂಗ್ಲಿಷ್, ಹೊರಗೆ ಜರ್ಮನ್. ಎಲ್ಲರೂ ಒಂದೇ ಥರ ಹೇಳುವಂಥ ಹೆಸರು ಹುಡುಕಿ ಹುಡುಕಿ ಸಾಕಾಗಿದೆ. ಪಟ್ಟಿಯಲ್ಲಿ ಈಗ ಉಳಿದಿರುವುದು ಹರ್ಷ, ವಿಜಯ್, ಆರವ್, ನೀಲ್. ಅಮ್ಮನಿಗೆ ಸ್ವಸ್ತಿಕ್ ಇಷ್ಟ. ಅಜ್ಜ ಮಾತ್ರ ಮನೆದೇವರು ಎಡೆಯೂರು ಸಿದ್ಧಲಿಂಗೇಶ್ವರನ ಹೆಸರು ಎಲ್ಲಾದರೂ ಒಂದು ಕಡೆ ಇರಲೇಬೇಕು ಅಂತ ಹಟ ಹಿಡಿದಿದ್ದಾರೆ. ನಕ್ಷತ್ರದ ಅಕ್ಷರ ಬಿಟ್ಟು ಹೆಸರಿಡಬಾರದು ಅಂತ ಒಬ್ಬರು, ಜರ್ಮನ್ ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಆಫೀಸಿನವರು ಬರೆದುಕೊಳ್ಳುವುದೇ ಇಲ್ಲ ಅಂತ ಇನ್ನೊಬ್ಬರು. ತಲೆ ಕೆಟ್ಟುಹೋಗಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಆಸೆ ಬಿಟ್ಟುಬಿಡಿ. ನಾಲ್ಕು ಭಾಷೆಯಲ್ಲೂ ಒಂದೇ ಥರ ಕೇಳಿಸುವ ಹೆಸರು ಸಿಗುವುದಿಲ್ಲ. ನಾನು ಮೂವತ್ತು ವರ್ಷ ಧ್ವನಿಶಾಸ್ತ್ರ ಪಾಠ ಮಾಡಿದವನು, ಶಿಷ್ಯರು ನೆಂಟರು ಎಲ್ಲ ಹೆಸರಿಗೆ ಫೋನ್ ಮಾಡುತ್ತಲೇ ಇರುತ್ತಾರೆ, ಒಬ್ಬರಿಗೂ ಅಂಥ ಹೆಸರು ಹುಡುಕಿಕೊಡಲು ನನ್ನಿಂದ ಆಗಿಲ್ಲ. ಯಾವ ಹೆಸರಾದರೂ ಗಡಿ ದಾಟಿದ ಕೂಡಲೇ ಸ್ವಲ್ಪ ಕೆಡುತ್ತದೆ. ಹಾಗಾಗಿ ನಾನು ನೋಡುವುದು ಒಂದೇ: ಎಲ್ಲಿ ಕೆಡುತ್ತದೆ, ಕೆಟ್ಟ ಮೇಲೆ ಏನಾಗಿ ಕೇಳಿಸುತ್ತದೆ, ಅದನ್ನು ನೀವು, ನಿಮ್ಮವರು, ಮುಂದೆ ಆ ಹುಡುಗ ಸಹಿಸಿಕೊಳ್ಳಬಹುದಾ?

ಯಾಕೆ ಕೆಡುತ್ತದೆ ಅಂದರೆ, ಪ್ರತಿ ಭಾಷೆಯ ನಾಲಿಗೆಗೂ ತನ್ನದೇ ಒಂದಷ್ಟು ಸದ್ದುಗಳಿವೆ. ಹೊರಗಿನ ಸದ್ದು ಬಂದರೆ ತನ್ನಲ್ಲಿರುವ ಹತ್ತಿರದ ಸದ್ದಿಗೆ ಅದನ್ನು ತಿರುಗಿಸಿಕೊಳ್ಳುತ್ತದೆ. ಬೇಕಂತ ಮಾಡುವುದಲ್ಲ, ಕಿವಿಗೇ ಹಾಗೆ ಕೇಳಿಸುತ್ತದೆ. ನಿಮ್ಮ ಪಟ್ಟಿಯಲ್ಲಿರುವ ವಿಜಯ್ ತೆಗೆದುಕೊಳ್ಳಿ. ಬಂಗಾಳಿಯಲ್ಲಿ ವ ಇಲ್ಲ, ಬ ಆಗುತ್ತದೆ. ನಮ್ಮ ಅ ಅಲ್ಲಿ ಬಹಳ ಕಡೆ ಒ ಆಗುತ್ತದೆ. ಹಾಗಾಗಿ ಅತ್ತೆಯ ಬಾಯಲ್ಲಿ ವಿಜಯ್ ಅನ್ನುವವನು ಬಿಜೊಯ್. ನಮ್ಮ ರವಿ ಅಲ್ಲಿ ರೊಬಿ. ನಮ್ಮ ಅರವಿಂದ ಅಲ್ಲಿ ಅರೊಬಿಂದೊ, ಪಾಂಡಿಚೇರಿಯ ಶ್ರೀ ಅರಬಿಂದೋ ಹೆಸರಿನಲ್ಲಿರುವುದು ಅದೇ ಅರವಿಂದ. ಇನ್ನು ಜರ್ಮನ್ ಟೀಚರ್ ವಿಜಯ್ ಅನ್ನು ಕಾಗದದಲ್ಲಿ ಓದಿದರೆ? ಜರ್ಮನ್‌ನಲ್ಲಿ ಜೆ ಅಕ್ಷರಕ್ಕೆ ಯ ಉಚ್ಚಾರ, ವಿ ಅಕ್ಷರಕ್ಕೆ ಎಷ್ಟೋ ಪದಗಳಲ್ಲಿ ಫ ಉಚ್ಚಾರ. ವಿಯಾಯ್ ಅಂದರೂ ಅಂದರು, ಫಿಯಾಯ್ ಅಂದರೂ ಅಂದರು. ಮನೆಯಲ್ಲಿ ಬಿಜೊಯ್, ಸ್ಕೂಲಿನಲ್ಲಿ ಫಿಯಾಯ್, ತಿಪಟೂರಿನಲ್ಲಿ ವಿಜಿ. ಮೂರು ಹುಡುಗರು ಅಂದುಕೊಳ್ಳಬೇಕು.

ಜರ್ಮನ್‌ದು ಇನ್ನೂ ಎರಡು ಮೂರು ಚಾಳಿ ತಿಳಿದುಕೊಂಡಿರಿ, ನೀವು ದಿನಾ ಕೇಳುತ್ತಲೇ ಇರುತ್ತೀರಿ ಆದರೆ ಹೆಸರಿನ ವಿಷಯದಲ್ಲಿ ಹೊಳೆದಿರುವುದಿಲ್ಲ. ಪದದ ಕೊನೆಯಲ್ಲಿ ದ ಬಂದರೆ ತ ಥರ, ಬ ಬಂದರೆ ಪ ಥರ, ಗ ಬಂದರೆ ಕ ಥರ ಗಟ್ಟಿಯಾಗುತ್ತದೆ. ಆನಂದ್ ಅಂತ ಇಟ್ಟರೆ ಅವರ ಬಾಯಲ್ಲಿ ಅದು ಅನಂತ್. ಇದು ಕೆಟ್ಟದ್ದೇನಲ್ಲ, ಅದೂ ದೇವರ ಹೆಸರೇ, ಆದರೆ ಬೇರೆ ಹೆಸರು! ದೇವ್ ಅಂತ ಇಟ್ಟರೆ ದೇಫ್. ಇನ್ನು ಪದದ ಮೊದಲಲ್ಲಿ ಸ ಬಂದು ಹಿಂದೆಯೇ ಸ್ವರ ಬಂದರೆ ಆ ಸ ಗುಂಯ್‌ಗುಡುತ್ತದೆ, ಇಂಗ್ಲಿಷ್‌ನ ಝೂ ಪದದಲ್ಲಿ ಬರುತ್ತದಲ್ಲ, ಆ ಥರ. ಅದೇ ಸ ಬಂಗಾಳಿಗೆ ಹೋದರೆ ಶ. ಸುಹಾಸ್ ಅನ್ನುವವನು ಒಂದು ಕಡೆ ಝುಹಾಸ್, ಇನ್ನೊಂದು ಕಡೆ ಶುಹಾಶ್.

ಹಾಗಂತ ನಮ್ಮ ಊರಿನವರು ಸರಿಯಾಗಿ ಹೇಳಿಬಿಡುತ್ತಾರಾ? ಹರ್ಷ ವಿಷಯಕ್ಕೆ ಬರುತ್ತೇನೆ. ನಿಮ್ಮ ಸೀಮೆಯ ಆಡುಮಾತಿನಲ್ಲಿ ಹಾಲು ಆಲು ಆಗುತ್ತದೆ, ಶ ಷ ಎರಡೂ ಸ ಆಗುತ್ತವೆ. ಅಜ್ಜನ ಬಾಯಲ್ಲಿ ಹರ್ಷ ಅನ್ನುವುದು ಅರ್ಸ. ಅದು ನಮಗೆ ಮುದ್ದಾಗಿಯೇ ಕೇಳುತ್ತದೆ. ಆದರೆ ಜರ್ಮನ್‌ನಲ್ಲಿ ಅರ್ಶ್ ಅಂದರೆ ಕುಂಡೆ, ಅದೂ ಬೈಗುಳದ ಪದ. ಸ್ಟುಟ್‌ಗಾರ್ಟ್‌ನ ಪಾರ್ಕಿನಲ್ಲಿ ಸ್ಪೀಕರ್ ಹಾಕಿಕೊಂಡು ವಿಡಿಯೋ ಕಾಲ್ ಮಾಡಿದಾಗ ಅಜ್ಜ ಪ್ರೀತಿಯಿಂದ "ಅರ್ಸಾ, ಏ ಅರ್ಸಾ" ಅಂತ ಕೂಗಿದರೆ ಪಕ್ಕದ ಬೆಂಚಿನವರು ತಿರುಗಿ ನೋಡುತ್ತಾರೆ. ಅದು ಬಿಡಿ, ಕೊನೆಯ ಅ ಬಿಟ್ಟು ಹರ್ಷ್ ಅಂದರೆ ಇಂಗ್ಲಿಷ್‌ನಲ್ಲೂ ಜರ್ಮನ್‌ನಲ್ಲೂ ಒರಟು, ಕಠಿಣ ಅಂತ ಅರ್ಥ. ಸಂತೋಷ ಅಂತ ಇಟ್ಟ ಹೆಸರು ಅಲ್ಲಿ ಹೀಗೆ ತಿರುಗಿಬೀಳುತ್ತದೆ. ಸ್ಕೂಲಿನ ಮಕ್ಕಳಿಗೆ ಪ್ರಾಸ ಹುಡುಕಲು ಒಂದು ನಿಮಿಷವೂ ಬೇಡ. ಹರ್ಷ ಬೆಂಗಳೂರಿನಲ್ಲಿ ಚಿನ್ನದಂಥ ಹೆಸರು, ಜರ್ಮನಿಯಲ್ಲಿ ಬೇಡ.

ಆರವ್ ಬಗ್ಗೆ ಸ್ವಲ್ಪ ಬೇಜಾರಾಗಬಹುದು. ಆರವ್ ಅಂದರೆ ಶಾಂತಿ ಅಂತ ಹೆಸರಿನ ಆ್ಯಪ್‌ಗಳಲ್ಲಿ ಬರೆದಿರುತ್ತಾರೆ, ಅಲ್ವಾ? ರವ ಅಂದರೆ ಸದ್ದು. ಸಂಸ್ಕೃತ ನಿಘಂಟಿನಲ್ಲಿ ಆರವ ಅಂದರೆ ಕೂಗು, ಗದ್ದಲ. ಶಾಂತಿ ಎಲ್ಲಿಂದ ಬಂತೋ, ಯಾರೋ ಅರವ ಅನ್ನುವುದನ್ನು, ಅಂದರೆ ಸದ್ದಿಲ್ಲದ್ದು ಅನ್ನುವುದನ್ನು, ಎಳೆದು ಆರವ ಮಾಡಿರಬೇಕು. ನನಗೇನೂ ಅಭ್ಯಂತರವಿಲ್ಲ, ರಾತ್ರಿ ಎರಡು ಗಂಟೆಗೆ ಕೂಸು ಎದ್ದಾಗ ಹೆಸರು ಸರಿಯಾಗಿಯೇ ಹೊಂದುತ್ತದೆ. ಆದರೆ ಬಂಗಾಳಿಯಲ್ಲಿ ವ ಹೋಗಿ ಬ ಬಂದರೆ ಅದು ಆರಬ್, ಅಂದರೆ ಅರೇಬಿಯಾ ದೇಶ. ನಿಮ್ಮ ಯಜಮಾನರು ಇದನ್ನು ಇಷ್ಟರಲ್ಲೇ ಗಮನಿಸಿರಬೇಕು, ಹೇಳಿಲ್ಲ ಅಷ್ಟೇ.

ಅರ್ಥ ನೋಡುವುದಾದರೆ ಆ್ಯಪ್ ಬಿಟ್ಟು ನಿಘಂಟು ನೋಡಿ. ಕನ್ನಡಕ್ಕೆ ಕಿಟೆಲ್ ಅವರ 1894ರ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಆ ಪುಣ್ಯಾತ್ಮ ತೀರಿಕೊಂಡದ್ದು 1903ರಲ್ಲಿ, ನಿಮ್ಮ ಪಕ್ಕದ ಟ್ಯೂಬಿಂಗೆನ್‌ನಲ್ಲಿ.

ಸ್ವಸ್ತಿಕ್ ವಿಷಯ ಅಮ್ಮನಿಗೆ ನೀವೇ ಹೇಳಬೇಕು, ನಯವಾಗಿ. ನಮ್ಮ ಹೊಸ್ತಿಲ ಮೇಲಿನ ಸ್ವಸ್ತಿಕಕ್ಕೂ ನಾಜಿಗಳ ಗುರುತಿಗೂ ಸಂಬಂಧವಿಲ್ಲ ಅಂತ ನಮಗೆ ಗೊತ್ತು. ಆದರೆ ಜರ್ಮನಿಯಲ್ಲಿ ಆ ನಾಜಿ ಗುರುತನ್ನು ಬಹಿರಂಗವಾಗಿ ತೋರಿಸುವುದೇ ಅಪರಾಧ, ಅಲ್ಲಿನವರಿಗೆ ಅದು ಇನ್ನೂ ಹಸಿ ಗಾಯ. ಹೆಸರು ಹೇಳಿದ ಪ್ರತಿ ಸಲ ಮೂರನೇ ಕ್ಲಾಸಿನ ಹುಡುಗ ಎದುರಿನವರಿಗೆ ಇತಿಹಾಸ ಪಾಠ ಮಾಡಿಕೊಂಡು ಇರಬೇಕಾ? ಆರ್ಯನ್ ಅಂತ ಯಾರಾದರೂ ಸೂಚಿಸಿದರೂ ಇದೇ ಉತ್ತರ.

ನೀಲ್ ಹೆಸರಿನಲ್ಲಿ ಮಜಾ ಇದೆ. ಕಿವಿಗೆ ಕೇಳಿದರೆ ನಾಲ್ಕೂ ಭಾಷೆಗೆ ಸರಿ. ಕನ್ನಡದಲ್ಲಿ ನೀಲಿ, ನೀಲಕಂಠ ನೆನಪಾಗುತ್ತದೆ, ಬಂಗಾಳಿಯಲ್ಲೂ ನೀಲ್ ಅಂದರೆ ನೀಲಿ, ಇಂಗ್ಲಿಷರಿಗೆ ಅವರದೇ ಹೆಸರು. ಕೆಡುವುದು ಕಾಗದದ ಮೇಲೆ. ಎನ್-ಇ-ಇ-ಎಲ್ ಅಂತ ಬರೆದರೆ ಜರ್ಮನ್ನರು ನೇಲ್ ಅಂತ ಓದುತ್ತಾರೆ, ಅವರಿಗೆ ಎರಡು ಇ ಅಂದರೆ ಏ. ಎನ್-ಇ-ಐ-ಎಲ್ ಬರೆದರೆ ನೈಲ್. ಎನ್-ಐ-ಎಲ್ ಬರೆದರೆ ಸರಿಯಾಗಿ ನೀಲ್ ಅನ್ನುತ್ತಾರೆ, ಆದರೆ ಜರ್ಮನ್‌ನಲ್ಲಿ ಅದು ಈಜಿಪ್ಟಿನ ನದಿಯ ಹೆಸರು, ಇಂಗ್ಲಿಷ್‌ನಲ್ಲಿ ಸೊನ್ನೆ. ಕೊನೆಗೆ ಎನ್-ಐ-ಇ-ಎಲ್ ಬರೆದರೆ ಜರ್ಮನ್ನರಿಗೆ ಸರಿ, ಇಂಗ್ಲಿಷ್ ಬಲ್ಲವರೆಲ್ಲ ಸ್ಪೆಲಿಂಗ್ ತಪ್ಪಾಗಿದೆ ಅಂತ ತಿದ್ದಲು ಬರುತ್ತಾರೆ. ನದಿಯ ಹೆಸರು ನಿಮಗೆ ಓಕೆ ಅಂದರೆ ಇಡಿ, ಒಳ್ಳೆಯ ಹೆಸರೇ. ಬೇರೆ ಭಾಷೆಯಲ್ಲಿ ಬೇರೆ ಅರ್ಥ ಇದ್ದ ಮಾತ್ರಕ್ಕೆ ಹೆಸರು ಬಿಡಬೇಕಿಲ್ಲ. ತಮಿಳರ ಬಾಲನಿಗೆ ಕನ್ನಡದ ಮಕ್ಕಳು ಬಾಲ ಹುಡುಕುತ್ತಾರೆ, ನಮ್ಮ ಅನಿಲನನ್ನು ಗ್ಯಾಸ್ ಸಿಲಿಂಡರ್ ಅಂತ ರೇಗಿಸುತ್ತಾರೆ, ಅವೆಲ್ಲ ನಕ್ಕು ಮರೆಯುವಂಥವು. ಬೈಗುಳಕ್ಕೆ ಹತ್ತಿರ ಬಂದರೆ ಮಾತ್ರ ಯೋಚಿಸಿ. ಬನವಾಸಿ ಕದಂಬರ ನೆನಪಿನ ಮಯೂರ ಅನ್ನುವ ಹೆಸರಿನ ನನ್ನ ಶಿಷ್ಯನೊಬ್ಬ ಚೆನ್ನೈಗೆ ಕೆಲಸಕ್ಕೆ ಹೋಗಿ ಒಂದೇ ವಾರದಲ್ಲಿ ಇನಿಷಿಯಲ್ ಬಳಸಲು ಶುರು ಮಾಡಿದ. ತಮಿಳಿನಲ್ಲಿ ಮಯಿರ್ ಅಂದರೆ ಕೂದಲು, ಜಗಳದಲ್ಲಿ ಆಡುವ ಮಾತು.

ಈಗ ನಿಮ್ಮನ್ನು ಹೆದರಿಸಿದವರ ಮಾತು. ಜರ್ಮನ್ ಸರ್ಕಾರದ ಹತ್ತಿರ ಒಪ್ಪಿಗೆಯ ಹೆಸರುಗಳ ಪಟ್ಟಿ ಅಂತ ಏನೂ ಇಲ್ಲ. ಡೆನ್ಮಾರ್ಕ್‌ನಲ್ಲಿ ಇದೆ, ಅದನ್ನು ಕೇಳಿ ಯಾರೋ ಬೆರೆಸಿಬಿಟ್ಟಿದ್ದಾರೆ. ಜರ್ಮನಿಯಲ್ಲಿ ರಿಜಿಸ್ಟ್ರಾರ್ ನೋಡುವುದು ಇದು ಹೆಸರು ಹೌದಾ, ಮಗುವಿಗೆ ಇದರಿಂದ ಕಷ್ಟ ಆಗುತ್ತದಾ ಅಂತ. ಅನುಮಾನ ಬಂದರೆ ಇದು ನಿಜವಾದ ಹೆಸರು ಅಂತ ಒಂದು ಪತ್ರ ಕೇಳಬಹುದು, ವೀಸ್‌ಬಾಡೆನ್‌ನಲ್ಲಿರುವ ಜರ್ಮನ್ ಭಾಷಾ ಸಂಘ ಅಂಥ ಪತ್ರ ಕೊಡುತ್ತದೆ. ನಮ್ಮ ಹೆಸರೊಂದು ಅವರ ಸುಪ್ರೀಂ ಕೋರ್ಟ್‌ನಂಥ ಸಂವಿಧಾನ ನ್ಯಾಯಾಲಯಕ್ಕೇ ಹೋಗಿ ಗೆದ್ದಿದೆ ಗೊತ್ತಾ? ಮಗಳಿಗೆ ಕಿರಣ್ ಅಂತ ಇಟ್ಟವರಿಗೆ, ಇದರಿಂದ ಹೆಣ್ಣೋ ಗಂಡೋ ತಿಳಿಯುವುದಿಲ್ಲ ಅಂತ ಆಫೀಸಿನವರು ತಕರಾರು ತೆಗೆದರು. 2008ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಹೆಸರಿನಿಂದ ಅದು ತಿಳಿಯಲೇಬೇಕು ಅಂತ ಯಾವ ಕಾನೂನೂ ಇಲ್ಲ ಅಂತ ಹೇಳಿ ಹೆಸರು ಉಳಿಸಿತು.

ಇನ್ನೊಂದು ವಿಷಯ, ಇದು ನಿಮಗೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹುಟ್ಟಿದ ಒಂದು ವಾರದೊಳಗೆ ಜನನ ವರದಿ ಆಗಬೇಕು. ಆಸ್ಪತ್ರೆಯಲ್ಲೇ ಹೆಸರು ಕೇಳುತ್ತಾರೆ, ಆಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ಬರೆಸಬೇಡಿ. ಹೆಸರು ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಒಂದು ತಿಂಗಳೊಳಗೆ ತಿಳಿಸಬಹುದು. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ತೊಟ್ಟಿಲ ಶಾಸ್ತ್ರ ಮಾಡಿ, ಅಕ್ಕಿಯ ಮೇಲೆ ಹೆಸರು ಬರೆದು, ಆಮೇಲೆ ಆಫೀಸಿಗೆ ಹೋದರೂ ಟೈಮ್ ಇದೆ.

ನಕ್ಷತ್ರದ ಅಕ್ಷರ. ನಾನು ಜ್ಯೋತಿಷಿ ಅಲ್ಲ, ನಂಬುವವರನ್ನು ಬೇಡ ಅನ್ನುವುದಿಲ್ಲ. ಆದರೆ ಆ ಪಟ್ಟಿಯನ್ನು ಒಂದು ಸಲ ಓದಿ ನೋಡಿ. ಆರ್ದ್ರಾ ನಕ್ಷತ್ರದ ನಾಲ್ಕು ಪಾದಕ್ಕೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ ದಿಂದ ಶುರುವಾಗುವ ಒಂದು ಗಂಡು ಹೆಸರು ಹೇಳಿ ನೋಡೋಣ. ಹಿಂದಿನವರು ಇದಕ್ಕೇ ನಕ್ಷತ್ರದ ಹೆಸರು ಬೇರೆ, ವ್ಯವಹಾರದ ಹೆಸರು ಬೇರೆ ಅಂತ ಇಟ್ಟುಕೊಂಡಿದ್ದರು. ಜಾತಕದಲ್ಲಿ, ಸಂಕಲ್ಪದಲ್ಲಿ ಒಂದು, ಊರವರು ಕರೆಯಲು ಇನ್ನೊಂದು. ಅದನ್ನೇ ನೀವೂ ಮಾಡಬಹುದು, ಯಾರಿಗೂ ಬೇಸರವಿಲ್ಲ.

ಬೆಂಗಾಲಿಗಳಲ್ಲಂತೂ ಎರಡು ಹೆಸರು ಮಾಮೂಲು, ನಿಮ್ಮ ಅತ್ತೆ ಇಷ್ಟರಲ್ಲೇ ಹೇಳಿರುತ್ತಾರೆ. ಹೊರಗಿಗೆ ಭಾಲೋ ನಾಮ್, ಮನೆಗೆ ಡಾಕ್ ನಾಮ್. ಸತ್ಯಜಿತ್ ರೇ ಮನೆಯವರಿಗೆ ಮಾಣಿಕ್. ನಮ್ಮಲ್ಲಿ ಇದಕ್ಕೊಂದು ಪದ ಇಲ್ಲ ಅನ್ನುವುದು ಬಿಟ್ಟರೆ ಪದ್ಧತಿ ಇದ್ದೇ ಇದೆ. ಪುನೀತ್ ರಾಜ್‌ಕುಮಾರ್‌ಗೆ ಮೊದಲು ಇಟ್ಟಿದ್ದು ಲೋಹಿತ್, ಇಡೀ ಕರ್ನಾಟಕ ಕರೆದದ್ದು ಅಪ್ಪು. ಹಾಗಾಗಿ ಮನೆ ಹೆಸರು ಇಬ್ಬರು ಅಜ್ಜಿಯರ ಬಾಯಿಗೂ ಸುಲಭವಾಗಿ ಬರುವಂಥದ್ದು ಇರಲಿ, ಎರಡಕ್ಷರ ಸಾಕು. ಕಾಗದಪತ್ರಕ್ಕೆ ಅದನ್ನು ತರಬೇಡಿ. ಕಿಂಡರ್‌ಗಾರ್ಟನ್ ಬಾಗಿಲಲ್ಲಿ ಆ ಹೆಸರಿನಿಂದ ಕೂಗಲೂ ಬೇಡಿ, ಕೂಗಿದರೆ ಅಲ್ಲೂ ಅದೇ ಉಳಿದುಬಿಡುತ್ತದೆ.

ಇಷ್ಟು ಹೇಳಿ ನಾನು ಒಂದೂ ಹೆಸರು ಹೇಳದಿದ್ದರೆ ನೀವು ಬೈಯುತ್ತೀರಿ. ನನಗೆ ತೋಚುವುದು ಎರಡು.

ಒಂದು, ನಿಖಿಲ್. ಕನ್ನಡದಲ್ಲೂ ಬಂಗಾಳಿಯಲ್ಲೂ ಹೆಚ್ಚುಕಡಿಮೆ ಒಂದೇ, ಇ ಸ್ವರಗಳಾದ್ದರಿಂದ ಆ ಅ-ಒ ಕಾಟ ಇಲ್ಲ. ಜರ್ಮನ್ನರು ಮಹಾಪ್ರಾಣ ಬಿಟ್ಟು ನಿಕಿಲ್ ಅನ್ನುತ್ತಾರೆ. ನಾವೇನು ದಿನಾ ಮಹಾಪ್ರಾಣ ಹೇಳುತ್ತೇವಾ? ತಿಪಟೂರಿನಲ್ಲೂ ನಿಕಿಲ್ಲೇ. ಇದರಲ್ಲಿ ದೋಷ ಹುಡುಕಿದರೆ ಒಂದೇ, ನಮ್ಮ ದೇಶದಲ್ಲಿ ಕ್ಲಾಸಿಗೆ ಇಬ್ಬರು ಇರುತ್ತಾರೆ. ಮತ್ತೆ ಅಜ್ಜನಿಗೆ ಇದರಲ್ಲಿ ಏನೂ ಸಿಗುವುದಿಲ್ಲ, ಸಿದ್ಧಲಿಂಗ ಅಂತ ಎರಡನೇ ಹೆಸರಾಗಿ ಸೇರಿಸಬೇಕಾಗುತ್ತದೆ.

ಎರಡನೆಯದು ಸಿದ್ಧಾರ್ಥ. ಮೊದಲ ಸಲ ಕೇಳಿದಾಗ ಉದ್ದ ಅನ್ನಿಸುತ್ತದೆ, ಸ್ವಲ್ಪ ತಡೆಯಿರಿ. ಹರ್ಮನ್ ಹೆಸ್ಸೆ 1922ರಲ್ಲಿ ಇದೇ ಹೆಸರಿನ ಕಾದಂಬರಿ ಬರೆದದ್ದರಿಂದ ಓದು ಬಲ್ಲ ಜರ್ಮನ್ನರಿಗೆ ಈ ಹೆಸರೂ ಗೊತ್ತು, ಸ್ಪೆಲಿಂಗೂ ಗೊತ್ತು. ಹೆಸ್ಸೆ ಹುಟ್ಟಿದ ಕಾಲ್ವ್ ಊರು ನಿಮ್ಮಿಂದ ದೂರವೇನೂ ಇಲ್ಲ. ಅ ಸ್ವರದಲ್ಲಿ ಮುಗಿಯುವ ಹೆಸರನ್ನು ಯುರೋಪಿನಲ್ಲಿ ಹುಡುಗಿಯದು ಅಂದುಕೊಳ್ಳುವುದು ಜಾಸ್ತಿ, ಸೂರ್ಯ ಕೃಷ್ಣ ಅಂತ ಇಟ್ಟವರಿಗೆಲ್ಲ ಆ ತಾಪತ್ರಯ ಇದೆ, ಆದರೆ ಬುದ್ಧನ ಹೆಸರು ಅಂತ ಗೊತ್ತಿರುವ ಕಡೆ ಆ ಗೊಂದಲ ಕಡಿಮೆ. ಬಂಗಾಳಿಯಲ್ಲಿ ಶಿದ್ಧಾರ್ಥೊ, ಅಲ್ಲಿ ಹಳೆಯ, ಗೌರವದ ಹೆಸರು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಸಿದ್ಧಾರ್ಥ ಶಂಕರ್ ರೇ ನಿಮ್ಮ ಮಾವನವರಿಗೆ ಗೊತ್ತಿರುತ್ತಾರೆ. ಜರ್ಮನ್ ಬಾಯಲ್ಲಿ ಝಿದಾರ್ತ. ಇಂಗ್ಲಿಷ್‌ನಲ್ಲಿ ಸಿಡ್. ನೋಡಿ, ನಾಲ್ಕು ಕಡೆಯೂ ಕೆಟ್ಟಿದೆ, ಆದರೆ ಯಾವ ಚೂರೂ ನಾಚಿಕೆಯದಲ್ಲ. ತೊಂದರೆ ಇಲ್ಲ ಅನ್ನುವುದಿಲ್ಲ: ಮೂರು ವರ್ಷದ ಮಗುವಿಗೆ ತನ್ನ ಹೆಸರು ತಾನೇ ಹೇಳಲು ಬರುವುದಿಲ್ಲ, ಮತ್ತೆ ಜೀವನಪೂರ್ತಿ ನೀವು ಬೌದ್ಧರಾ ಅಂತ ಜನ ಕೇಳುತ್ತಾರೆ.

ಯಾವುದೇ ಇಡಿ, ಮೊದಲು ಒಂದು ಕೆಲಸ ಮಾಡಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ನೀವು ಬಾಯಿ ಬಿಡದೆ, ಮೂವರು ಜರ್ಮನ್ನರಿಂದ ಓದಿಸಿ, ಅದರಲ್ಲಿ ಒಬ್ಬರಾದರೂ ವಯಸ್ಸಾದವರಿರಲಿ, ಯಾಕೆಂದರೆ ಹುಡುಗರು ಇಂಗ್ಲಿಷ್ ಥರ ಊಹಿಸಿ ಓದಿಬಿಡುತ್ತಾರೆ. ಅತ್ತೆಯಿಂದ ಬಂಗಾಳಿ ಲಿಪಿಯಲ್ಲಿ ಬರೆಸಿ ಬೇರೊಬ್ಬ ಬೆಂಗಾಲಿಯಿಂದ ಓದಿಸಿ. ಕೊನೆಗೆ ಅಜ್ಜನಿಗೆ ಫೋನ್ ಮಾಡಿ, ಹೊಲದ ಆ ತುದಿಯಲ್ಲಿ ನಿಂತವನನ್ನು ಕರೆಯುವ ಹಾಗೆ ಜೋರಾಗಿ ಕೂಗಲು ಹೇಳಿ. ಅರ್ಧ ಗಂಟೆಯ ಕೆಲಸ. ಹರ್ಷದ ವಿಷಯ ನನಗೆ ಗೊತ್ತಾಗಿದ್ದೂ ಇನ್ನೊಬ್ಬರ ಮನೆಯಲ್ಲಿ ಹೀಗೆ ಕೂಗಿಸಿದಾಗಲೇ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಜರ್ಮನ್ ಜನನ ಪತ್ರದಲ್ಲಿ ಬರೆಸಿದ ಸ್ಪೆಲಿಂಗೇ ಮುಂದೆ ಎಲ್ಲ ಕಡೆ ನಡೆಯುತ್ತದೆ. ಮಗುವಿಗೆ ಭಾರತದ ಪಾಸ್‌ಪೋರ್ಟ್ ಅಂದರೆ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಿ, ಅಲ್ಲೂ ಅದೇ ಸ್ಪೆಲಿಂಗ್. ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಒಂದು ಎ, ಒಂದು ಎಚ್ ಜಾಸ್ತಿ ಸೇರಿಸುವುದು ಖಂಡಿತ ಬೇಡ. ನಮ್ಮ ಕಡೆಯ ಹಾಗೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬರುವುದೂ ಬೇಡ, ಅಪ್ಪನ ಸರ್‌ನೇಮ್ ಸರ್‌ನೇಮ್ ಜಾಗದಲ್ಲಿ ಇರಲಿ. ಉದ್ದ ಕೂಡ ಎಣಿಸಿ. ಪಾಸ್‌ಪೋರ್ಟ್‌ನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು 39 ಜಾಗ, ನಡುವಿನ ಗುರುತುಗಳೂ ಸೇರಿ. ನಿಮ್ಮವರ ಸರ್‌ನೇಮ್ ಚಟ್ಟೋಪಾಧ್ಯಾಯ್ ಥರ 13 ಅಕ್ಷರದ್ದಾಗಿದ್ದು, ಸಿದ್ಧಾರ್ಥ ಜೊತೆಗೆ ಸಿದ್ಧಲಿಂಗೇಶ್ವರ ಪೂರ್ತಿ ಹಾಕಿದರೆ 43 ಆಗುತ್ತದೆ, ಬಾಲ ಕತ್ತರಿಸಿ ಹೋಗುತ್ತದೆ. ದೇವರ ಹೆಸರೇ ತುಂಡಾದರೆ ಅಜ್ಜನಿಗೆ ಉತ್ತರ ಹೇಳುವವರು ಯಾರು? ಸಿದ್ಧಲಿಂಗ ಅಂತ ನಿಲ್ಲಿಸಿದರೆ 37, ಹಿಡಿಸುತ್ತದೆ.

ನನ್ನನ್ನು ಕೇಳಿದರೆ ಎರಡನೇ ಹೆಸರೇ ಬೇಕಿಲ್ಲ. ಸಿದ್ಧಾರ್ಥ ಅಂತ ಇಟ್ಟರೆ ಎಡೆಯೂರಿನ ಸಿದ್ಧ ಅದರೊಳಗೇ ಬಂದು ಕೂತಿದ್ದಾನೆ. ನೀವು ಪಾಸ್‌ಪೋರ್ಟ್‌ನಲ್ಲಿ ಏನೇ ಬರೆಸಿ, ಅಜ್ಜ ಹೇಗಿದ್ದರೂ "ಏ ಸಿದ್ದ, ಬಾರ್ಲಾ ಇಲ್ಲಿ" ಅಂತಲೇ ಕರೆಯುವುದು.